ಒಲೆಯ ಬೆನ್ನು

ಹದಿನಾಲ್ಕು ಮನೆ, ಒಂದೇ ಗೋಡೆ.
ಗುಡ್ಡ ಇಳಿದ ಹಾಗೆ ಸೂರೂ ಇಳಿಯುತ್ತದೆ
ಮನೆಗೊಂದು ಮೊಳ.
ಚಂದ ಅನ್ನುತ್ತಾರೆ ನೋಡಬಂದವರು.
ನಾನು ಗಾರೆಯವನು. ನನಗೆ ಮೊದಲು ಕಾಣುವುದು ಸಂದು,
ಆಮೇಲೆ ಇಟ್ಟಿಗೆ,
ಮನುಷ್ಯರು ಕೊನೆಗೆ.

ಟೆಂಟರ್ ರೋ. ಲ್ಯಾಂಕಾಶೈರಿನ ಮಸಿ ಕುಡಿದು
ಕೆಂಪು ಮರೆತ ಇಟ್ಟಿಗೆ.
ಮೂರು ವರಸೆ ಉದ್ದುದ್ದಕ್ಕೆ, ನಾಲ್ಕನೆಯದು ತಲೆಯೊಡ್ಡಿ:
ಖರ್ಚು ಹಿಡಿಯುವ ಕಟ್ಟಣೆ ಅದು.
ಗಿರಣಿಯ ಯಜಮಾನ ಕಾಸು ಎಣಿಸಿದ್ದನ್ನು
ಇವತ್ತಿಗೂ ಗೋಡೆಯ ಮೇಲೆ ಓದಬಹುದು.
ಕೆಳಗೊಂದು ಕೋಣೆ, ಮೇಲೊಂದು,
ಹಿಂದೆ ಮಾಡು ಇಳಿಸಿದ ಬಚ್ಚಲ ಮೂಲೆ,
ಅಂಗಳದಾಚೆ ನಾಲ್ಕು ಮನೆಗೊಂದು ಕಕ್ಕಸು.
ಮೇಸ್ತ್ರಿಗೆ ಮಾತ್ರ ತುದಿಯ ಮನೆ,
ಬಾಗಿಲ ನೆತ್ತಿಗೆ ಅರ್ಧಚಂದ್ರದ ಗಾಜು,
ಪಕ್ಕದ ಗೋಡೆಗೆ ಅಂಗೈಯಗಲದ ಒಂದು ಕಿಟಕಿ.
ಬೆಳಕಿಗಲ್ಲ.
ಐದೂವರೆಯ ಶಿಳ್ಳೆಗೆ ಯಾರು ಹೊಸ್ತಿಲು ದಾಟಿದರು,
ಯಾರು ದಾಟಲಿಲ್ಲ, ಅದಕ್ಕೆ.

ನಡುಮನೆಯ ನೆತ್ತಿಗಲ್ಲಿನಲ್ಲಿ ೧೮೫೮,
ಯಜಮಾನನ ಹೆಸರಿನ ಎರಡಕ್ಷರ.
ಕಟ್ಟಿದವನ ಹೆಸರಿಲ್ಲ. ಅವನ ಕೈ ಗೊತ್ತು ನನಗೆ:
ಎಡಚ. ಕರಣೆ ಎಳೆದದ್ದೆಲ್ಲ ಬಲದಿಂದ ಎಡಕ್ಕೆ
ಒಂಬತ್ತನೇ ಮನೆಯವರೆಗೆ.
ಅಲ್ಲಿಂದಾಚೆ ಬೇರೆ ಕೈ.
ಕೆಮ್ಮೋ, ಕೂಲಿಯ ಜಗಳವೋ,
ಬೇರೆ ಊರಿನಲ್ಲಿ ಇನ್ನೂ ಉದ್ದದ ಸಾಲೋ.

ನಮ್ಮಪ್ಪನ ಕಾಲದಲ್ಲಿ ಯಾರೋ ಪುಣ್ಯಾತ್ಮರು
ಸಂದಿಗೆಲ್ಲ ಸಿಮೆಂಟು ಮೆತ್ತಿದರು.
ಗೋಡೆಯ ಬೆವರು ಒಳಗೇ ನಿಂತು
ಇಟ್ಟಿಗೆಗಳ ಮುಖ ಬಿಸ್ಕತ್ತಿನ ಹಾಗೆ ಉದುರಿತು.
ಮೂರು ತಿಂಗಳಿಂದ ಅದನ್ನು ಕೆತ್ತುತ್ತಿದ್ದೇನೆ,
ಸುಣ್ಣ ತುಂಬುತ್ತಿದ್ದೇನೆ,
ಮನೆಯಿಂದ ಮನೆಗೆ.

ಏಳನೇ ನಂಬರು ಖಾಲಿ.
ಗ್ಯಾಸಿನ ಹೀಟರ್ ಕಿತ್ತೆ, ಹಲಗೆ ಕಿತ್ತೆ,
ಹಕ್ಕಿಗೂಡು, ಮಸಿ, ಒಂದು ಮಗುವಿನ ಬೂಟು,
ಅದರ ಹಿಂದೆ ಹಳೆಯ ಒಲೆ.
ಒಲೆಯ ಬೆನ್ನಿಗೆ ಕಬ್ಬಿಣದ ಹಲಗೆ,
ಅದರ ನಟ್ಟನಡುವೆ
ಹೆಬ್ಬೆಟ್ಟು ಕೂರುವಷ್ಟು ಒಂದು ಕುಳಿ.
ಬೆಂಕಿ ಹಾಗೆ ತಿನ್ನುವುದಿಲ್ಲ.
ಟೊಳ್ಳೋ ಗಟ್ಟಿಯೋ ನೋಡೋಣವೆಂದು
ಸುತ್ತಿಗೆಯ ಹಿಡಿಯಿಂದ ತಟ್ಟಿದೆ,
ಅಭ್ಯಾಸಬಲ, ಮೂರು ಸಲ.

ಎಂಟನೇ ಮನೆಯ ಟೇಮರ್ ಆರ್ಮರಾಡ್,
ವಯಸ್ಸು ಎಂಬತ್ತೆಂಟು.
ಕರೆಗಂಟೆ ಕೇಳಿಸದು, ಅಂಚೆಯವನು ಅರಚಿದರೂ ಕೇಳಿಸದು.
ನಿಮಿಷದೊಳಗೆ ಬಾಗಿಲಲ್ಲಿ ನಿಂತಿದ್ದಾಳೆ,
ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ,
ತೋಳಿನ ಮೇಲೆ ಮೂರು ಒಗೆದ ಟವಲು.
"ಯಾರಿಗೆ? ನೋವು ಯಾವಾಗ ಶುರುವಾಯ್ತು?"

ಗೋಡೆಗೂ ಕಿವಿ ಅನ್ನುತ್ತಾರೆ.
ಈ ಗೋಡೆಗೆ ನಾಲಿಗೆಯೇ ಇತ್ತಂತೆ,
ಕೆಂಡ ಕೆದಕುವ ಸರಳೇ ಅದರ ಮಾತು.
"ಮೂರಾದರೆ ಹೆರಿಗೆ, ಹುಡುಗಾ."
(ನನಗೆ ಐವತ್ತೆರಡು.)
"ಒಂದಾದರೆ... ಒಂದು ಕೇಳಿದ ಮೇಲೆ
ಅಮ್ಮ ಕೈಯ ಹೆಣಿಗೆ ನಿಲ್ಲಿಸಿ ಕಾಯುತ್ತಿದ್ದಳು.
ಇನ್ನೊಂದು ಬರದೇ ಹೋದರೆ
ಮಾತಿಲ್ಲದೆ ಶಾಲು ಹೊದ್ದು ಹೊರಡುತ್ತಿದ್ದಳು.
ನಾನು ಕೊನೆಗೆ ಮೂರು ಕೇಳಿದ್ದು ಹನ್ನೊಂದರ ವಯಸ್ಸಿನಲ್ಲಿ.
ಆವತ್ತು ಹುಟ್ಟಿದವನಿಗೀಗ ನನಗಿಂತ ಮಂಡಿನೋವು."

"ಯಾರಿಗೂ ಏನಿಲ್ಲಮ್ಮ," ಎಂದೆ,
"ಟೊಳ್ಳೋ ಅಂತ ನೋಡಿದೆ, ಅಷ್ಟೆ."
ಅವಳು ಕುಳಿ ನೋಡಿದಳು, ಟವಲು ನೋಡಿದಳು,
ಒಂದು ಬೆರಳಿಟ್ಟು ಕಬ್ಬಿಣ ಸವರಿದಳು.
"ಹಾಗಾದರೆ ಎರಡು ಬಡಿಯಬೇಕಿತ್ತು."
"ಎರಡಕ್ಕೆ ಏನು?"
"ನೀರು ಕುದಿಯುತ್ತಿದೆ, ಬಾ ಅಂತ."

ಹೋದಳು. ಅವಳ ಕದ ಹಾಕಿಕೊಂಡ ಸದ್ದು.
ಕಲಸಿಟ್ಟ ಸುಣ್ಣಕ್ಕೆ ಅವಸರವಿಲ್ಲ, ಒದ್ದೆ ಗೋಣಿ ಮುಚ್ಚಿದೆ.
ಕರಣೆ ಒರೆಸುತ್ತಿದ್ದಾಗ ಕಬ್ಬಿಣದೊಳಗಿಂದ
ಒಂದು.

ಕೈ ತಾನಾಗಿ ನಿಂತಿತು.
ಮಸಿ ಒಂದಿಷ್ಟು ಉದುರಿತು.

ಎರಡು.